ಮಿಲಿಟ್ರಿ ದೊಡ್ಡಪ್ಪನ ಟ್ರಂಕು

ದೊಡ್ಡಪ್ಪ ಹೋದರು. ಅಪ್ಪನ ಹಿರಿಯಣ್ಣ. ಜಗಳೂರು ಸೀಮೆಯ ನಮ್ಮೂರಿಗೆಲ್ಲ ‘ಮಿಲಿಟ್ರಿಯಪ್ಪ’. ಎಪ್ಪತ್ತೆಂಟು ದಾಟಿತ್ತು. ಹಾಸಿಗೆ ಹಿಡಿಯುವ ತನಕ ಬೆಳಿಗ್ಗೆ ಐದಕ್ಕೆ ಎದ್ದು ತಾವೇ ಗಡ್ಡ ಹೆರೆದುಕೊಳ್ಳುತ್ತಿದ್ದರು.

ಮಣ್ಣು ಮುಗಿಸಿ ಬಂದಾಗಿನಿಂದ ವಾಟ್ಸಾಪ್ ಗುಂಪುಗಳಲ್ಲಿ ಅವರ ಸಮವಸ್ತ್ರದ ಹಳೇ ಫೋಟೊ ಓಡಾಡುತ್ತಿದೆ. ಹಿಂದೆ ಬಾವುಟ, ಕೆಳಗೆ ‘ಶತ್ರುಗಳ ಎದೆ ನಡುಗಿಸಿದ ವೀರ’. ಹಾಕಿದವರ ಪ್ರೀತಿ ದೊಡ್ಡದು, ಎಲ್ಲರಿಗೂ ಕೈ ಮುಗಿಯುತ್ತೇನೆ. ಆದರೂ ದೊಡ್ಡಪ್ಪ ನಿಜವಾಗಿ ಏನು ಕೆಲಸ ಮಾಡಿದರು ಅನ್ನುವುದನ್ನು ಯಾರಾದರೂ ಬರೆದಿಡಬೇಕು ಅನ್ನಿಸಿತು.

1965ರ ಯುದ್ಧ ಮುಗಿದ ಮೇಲಿನ ಮಾತು. ನಮ್ಮ ಕಡೆ ಓದು ನಿಂತ ಹುಡುಗರಿಗೆ ಇದ್ದದ್ದು ಮಳೆ ನಂಬಿದ ಹೊಲ, ಇಲ್ಲಾ ದಾವಣಗೆರೆಯ ಹತ್ತಿ ಗಿರಣಿ. ದೊಡ್ಡಪ್ಪ ಎರಡನ್ನೂ ಬಿಟ್ಟು ಬೆಂಗಳೂರಿಗೆ ಹೋಗಿ ಮದ್ರಾಸ್ ಇಂಜಿನಿಯರ್ ಗ್ರೂಪ್ ಸೇರಿದರು. ಹಲಸೂರು ಕೆರೆ ಹತ್ತಿರದ ಎಂಇಜಿ ಅಂದರೆ ಅದೇ. ಇಲ್ಲಿಯ ಸಿಪಾಯಿಗೆ ಸ್ಯಾಪರ್ ಅನ್ನುತ್ತಾರೆ. ಸೇತುವೆ ಹಾಕುವುದು, ರಸ್ತೆ ಮಾಡುವುದು, ಮೈನ್ ಅಂದರೆ ನೆಲಬಾಂಬು ಹೂಳುವುದು, ಶತ್ರು ಹೂತ ಮೈನ್ ತೆಗೆಯುವುದು ಇವರ ಪಾಲಿನ ಕೆಲಸ.

1971ರ ಡಿಸೆಂಬರ್‌ನಲ್ಲಿ ಅವರಿದ್ದದ್ದು ಪಶ್ಚಿಮ ಗಡಿಯ ಶಕರ್‌ಗಢ ಭಾಗದಲ್ಲಿ, ಬಸಂತರ್ ನದಿಯ ಬಳಿ. ಪಾಕಿಸ್ತಾನದ ಜೊತೆಗಿನ ಆ ಯುದ್ಧ ಅಂದರೆ ನಮಗೆಲ್ಲ ಢಾಕಾ, ಡಿಸೆಂಬರ್ 16, ಸೆರೆ ಸಿಕ್ಕ ಸುಮಾರು 93,000 ಜನ. ಅದೇ 16ರಂದು ಬಸಂತರ್ ಆಚೆ 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್, ಟ್ಯಾಂಕ್ ಬಿಟ್ಟು ಇಳಿ ಎಂದರೂ ಇಳಿಯದೆ ಹೋರಾಡಿ ಪ್ರಾಣ ಕೊಟ್ಟರು. ಪರಮವೀರ ಚಕ್ರ ಬಂದದ್ದು ಅದಕ್ಕೆ. ಅವರ ದಳವಾದ ಪೂನಾ ಹಾರ್ಸ್‌ನ ಟ್ಯಾಂಕುಗಳು ಆಚೆ ಹೋಗಬೇಕಾದರೆ ಮೈನ್ ತುಂಬಿದ ನೆಲ ದಾಟಬೇಕಿತ್ತು. 15ರ ರಾತ್ರಿಯೆಲ್ಲ ಆ ನೆಲದಲ್ಲಿ ದಾರಿ ಮಾಡುತ್ತಿದ್ದವರು ಸ್ಯಾಪರ್‌ಗಳು. ಆಚೆ ದಡದಲ್ಲಿದ್ದ ನಮ್ಮ ಕಾಲಾಳುಗಳಿಗೆ ಶತ್ರು ಟ್ಯಾಂಕುಗಳ ಭಯ, ಕಾಯುವಷ್ಟು ಹೊತ್ತಿಲ್ಲ. ದಾರಿ ಪೂರಾ ಆಗುವ ಮೊದಲೇ ನಮ್ಮ ಟ್ಯಾಂಕುಗಳು ನುಗ್ಗಿದವು.

ಇದನ್ನು ದೊಡ್ಡಪ್ಪ ಶೌರ್ಯದ ಕತೆಯ ಹಾಗೆ ಹೇಳಿದವರೇ ಅಲ್ಲ. ಕೆಲಸ ಹೇಗೆ ಅಂತ ಹೇಳುತ್ತಿದ್ದರು. ಹೂತ ಮೈನ್ ಹುಡುಕುವ ಸಲಾಕೆಯನ್ನು ನೆಲಕ್ಕೆ ನೆಟ್ಟಗೆ ಚುಚ್ಚಬಾರದು, ಓರೆಯಾಗಿ ಚುಚ್ಚಬೇಕು. ನೆಟ್ಟಗೆ ಇಳಿದರೆ ಮೈನಿನ ನೆತ್ತಿಗೆ ತಾಗುತ್ತದೆ, ಓರೆಯಾದರೆ ಪಕ್ಕೆಗೆ. ಟ್ಯಾಂಕಿಗೆಂದು ಹೂತದ್ದು ಸಾಮಾನ್ಯವಾಗಿ ಮನುಷ್ಯನ ಭಾರಕ್ಕೆ ಸಿಡಿಯುವುದಿಲ್ಲ, ಆದರೆ ಅದರ ಸುತ್ತ ಮನುಷ್ಯರಿಗೆಂದೇ ಹೂತ ಸಣ್ಣವು ಇರುತ್ತವೆ. ಚಳಿಗೆ ಬೆರಳು ಮರಗಟ್ಟಿರುತ್ತದೆ. ಮೇಲೆ ಶೆಲ್ ಬೀಳುತ್ತಿರುತ್ತದೆ, ಆದರೂ ಕೈ ಅವಸರ ಮಾಡುವಂತಿಲ್ಲ. ತೆಗೆದಾದ ಮೇಲೆ ಎರಡೂ ಅಂಚಿಗೆ ಬಿಳಿ ಪಟ್ಟಿ ಎಳೆಯಬೇಕು.

“ತಪ್ಪು ಮಾಡಿದ್ರೆ ನೀನೊಬ್ನೇ ಸಾಯಾದಲ್ಲ ತಮ್ಮಾ. ಹಿಂದೆ ಬರೋನು ಆ ಪಟ್ಟಿ ನೋಡ್ಕಂಡು ನಂಬಿ ಕಾಲಿಡ್ತಾನೆ.”

ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಿದ್ದರು. ಇಳಿದು ಬಂದ ಮೇಲೆ ಯಾರಾದರೊಬ್ಬರು ಕೇಳುವುದು ಒಂದೇ ಪ್ರಶ್ನೆ, “ಎಷ್ಟು ಜನನ್ನ ಹೊಡೆದ್ರಿ ಯಜಮಾನ್ರೇ?” ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಸಂತರ್‌ನಲ್ಲಿ ಅವರ ಕೈಯಲ್ಲಿದ್ದದ್ದು ಸಲಾಕೆ. ಹಿಂದೆ ಬರುವವರು ಸಾಯದ ಹಾಗೆ ನೋಡಿಕೊಂಡ ಮನುಷ್ಯನ ಹತ್ತಿರ ಸತ್ತವರ ಲೆಕ್ಕ ಕೇಳುವುದೇ?

ಹವಾಲ್ದಾರ್ ಆಗಿ ನಿವೃತ್ತರಾಗಿ ಬಂದು ಶೇಂಗಾ ಬಿತ್ತಿದರು, ಆಮೇಲೆ ಎಲ್ಲರಂತೆ ಮೆಕ್ಕೆಜೋಳ. ಒಕ್ಕಲುತನ ಅಷ್ಟಕ್ಕಷ್ಟೇ. ಅವರ ಜೀವ ಇದ್ದದ್ದು ಒಂದು ಕಪ್ಪು ಟ್ರಂಕಿನಲ್ಲಿ. ಅದರ ತುಂಬ ಸೈನಿಕರ ವಿಧವೆಯರ ಕಾಗದ.

ಗಂಡ ಸತ್ತ ಮೇಲೆ ಕುಟುಂಬ ಪಿಂಚಣಿ ತಾನಾಗಿ ಬಂದುಬಿಡುತ್ತದೆ ಅಂತ ನಾವು ತಿಳಿದಿರುತ್ತೇವೆ. ಆದರೆ ಹೆಂಡತಿಯ ಹೆಸರು, ಹುಟ್ಟಿದ ದಿನ ಸೇನೆಯ ದಾಖಲೆಯಲ್ಲಿ ಸರಿಯಾಗಿರಬೇಕು, ಪಿಂಚಣಿ ಆದೇಶದಲ್ಲಿ ಬರೆದಿರಬೇಕು. ಮದುವೆಯಾದ ಹೊಸದರಲ್ಲಿ ಹುಡುಗ ಯಾವುದೋ ಗಡಿಯಲ್ಲಿ ಕೂತು ‘ಗೌರಮ್ಮ’ ಅಂತ ಬರೆಸಿರುತ್ತಾನೆ, ಆಧಾರ್‌ನಲ್ಲಿ ಆಕೆ ‘ಗೌರಿಬಾಯಿ’. ನಮ್ಮ ಜಗಳೂರು, ಹರಿಹರ, ದಾವಣಗೆರೆ ತಾಲ್ಲೂಕಿನವರಿಗೆ ಇನ್ನೊಂದು ಗೋಳು. 1997ರವರೆಗೆ ನಾವು ಚಿತ್ರದುರ್ಗ ಜಿಲ್ಲೆ. ಸೇನೆ ಬಿಟ್ಟು ಬರುವಾಗ ಕೊಡುವ ಡಿಸ್ಚಾರ್ಜ್ ಪುಸ್ತಕದಲ್ಲಿ ಅದೇ ಇದೆ, ಆಧಾರ್‌ನಲ್ಲಿ ದಾವಣಗೆರೆ. ಮನೆ ಕದಲಿಲ್ಲ, ಜಿಲ್ಲೆ ಕದಲಿತು. ಒಬ್ಬ ತಾಯಿಯನ್ನು ಒಂದು ಕಡೆ ಇದೇ ಕಾರಣ ಹೇಳಿ ತಿರುಗಿ ತಿರುಗಿ ವಾಪಸು ಕಳಿಸಿದ್ದರು. ದೊಡ್ಡಪ್ಪ ಜಿಲ್ಲೆ ಒಡೆದ ಸರ್ಕಾರಿ ಆದೇಶದ ಪ್ರತಿ ಹುಡುಕಿ ತಂದು, ಆಕೆಯ ಜೊತೆ ಹೋಗಿ, ಮೇಜಿನ ಮುಂದೆ ನಿಂತು ಓದಿ ಹೇಳಿದರು. ದನಿ ಏರಿಸಲಿಲ್ಲ. ಕೆಲಸ ಆಗುವ ತನಕ ಕೂರಲೂ ಇಲ್ಲ.

ನವೆಂಬರ್ ಬಂತೆಂದರೆ ನಮ್ಮ ಕಟ್ಟೆ ಮೇಲೆ ಜಾತ್ರೆ. ಪಿಂಚಣಿ ಪಡೆಯುವವರು ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ತೋರಿಸುವ ತಿಂಗಳು. ಪಿಂಚಣಿಯೆಲ್ಲ ‘ಸ್ಪರ್ಶ್’ ಅನ್ನೋ ಆನ್‌ಲೈನ್ ವ್ಯವಸ್ಥೆಗೆ ಹೋದ ಮೇಲೆ ಎಪ್ಪತ್ತು ದಾಟಿದ ಈ ಮನುಷ್ಯ ಪಾಸ್‌ವರ್ಡು, ಓಟಿಪಿ ಕಲಿತರು. ಬೆರಳಚ್ಚು ಸವೆದ ಅಜ್ಜಿಯರ ಕೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಮತ್ತೆ ಯಂತ್ರಕ್ಕೆ ಇಡಿಸುತ್ತಿದ್ದರು. ಯಾರ ಹತ್ತಿರವೂ ಕಾಸು ಮುಟ್ಟಿದವರಲ್ಲ. ಮಣ್ಣಿನ ದಿನ ಚಳ್ಳಕೆರೆ, ಹೊಸದುರ್ಗ ಕಡೆಯಿಂದ ಬಸ್ಸು ಹತ್ತಿ ಬಂದು ಅತ್ತವರು ಈ ಹೆಣ್ಣುಮಕ್ಕಳು.

ಮಾಜಿ ಸೈನಿಕರ ಸಂಘದವರು ಬಂದು ಸೆಲ್ಯೂಟ್ ಹೊಡೆದರು. ಊರ ಬಾಗಿಲಿಗೆ ಅವರ ಹೆಸರು ಇಡಬೇಕು, ಕಮಾನು ಕಟ್ಟಿಸಬೇಕು ಅಂತ ಮಾತು ನಡೆದಿದೆ. ಕಟ್ಟಿಸಲಿ, ಸಂತೋಷವೇ. ಆದರೆ ಆ ದುಡ್ಡಿನಲ್ಲಿ ಪಂಚಾಯ್ತಿ ಕಟ್ಟೆ ಮೇಲೆ ಒಂದು ಕಂಪ್ಯೂಟರು, ವಾರಕ್ಕೊಂದು ದಿನ ಕಾಗದ ನೋಡುವ ಒಬ್ಬ ಓದಿದ ಹುಡುಗನನ್ನು ಇಟ್ಟರೆ ದೊಡ್ಡಪ್ಪನಿಗೆ ಅದು ಹೆಚ್ಚು ಒಪ್ಪುತ್ತದೆ ಅಂತ ಊರವರ ಮುಂದೆ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಟ್ರಂಕು ತೆಗೆದು ನೋಡಿದೆ. ಎಲ್ಲಕ್ಕಿಂತ ಮೇಲೆ ದೊಡ್ಡಮ್ಮನ ಫೈಲು. ಆಕೆಯ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಿಂಚಣಿ ಆದೇಶದ ಪ್ರತಿ, ಕುಟುಂಬ ಪಿಂಚಣಿಯ ಅರ್ಜಿ. ತಾವು ಸತ್ತ ದಿನಾಂಕದ ಜಾಗ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಮ್ಮ ಕೈಬರಹದಲ್ಲಿ ತುಂಬಿಟ್ಟಿದ್ದರು. ಮೊನ್ನೆ ಸಲ್ಲಿಸಿ ಬಂದೆವು. ಒಂದು ಅಕ್ಷರವೂ ತಿದ್ದಬೇಕಾಗಲಿಲ್ಲ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ನಿವೃತ್ತ ಸೈನಿಕರಿದ್ದರೆ ಇವತ್ತೇ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಹೆಂಡತಿಯ ಆಧಾರ್ ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಅವರಿರುವಾಗಲೇ ತಿದ್ದಿಸುವುದು ಸುಲಭ. ವಿಕಲಚೇತನ ಮಕ್ಕಳಿದ್ದರೆ ಅವರ ಹೆಸರೂ ಸೇರಿಸಿ, ಅವರಿಗೂ ಪಿಂಚಣಿಯ ಹಕ್ಕಿದೆ. ದೊಡ್ಡಪ್ಪನ ಕೈಗೆ ಕಾಗದ ಕೊಟ್ಟವರು ಗಾಬರಿಯಾಗಬೇಡಿ, ಎಲ್ಲ ಭದ್ರವಾಗಿದೆ. ಫೈಲಿನ ಮೇಲಿನ ಹೆಸರುಗಳನ್ನು ನೋಡಿ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ, ಅಷ್ಟರೊಳಗೆ ಬೇಕಾದವರು ಮೆಸೆಂಜರ್‌ನಲ್ಲಿ ತಿಳಿಸಿ.