ಮೂಳೆ ಕೂಡಿಕೊಂಡಿದೆಯಲ್ಲ, ಇನ್ನೇನು ಎಂದು ಕೇಳುವವರಿಗೆ

ಇನ್ನು ಮುಂದೆ ಯಾರಾದರೂ ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು "ಮೂಳೆ ಕೂಡಿಕೊಂಡಿದೆಯಲ್ಲ, ಇನ್ನೇನು?" ಎಂದು ಕೇಳಿದರೆ ಅವರ ಬಟ್ಟೆಯನ್ನು ಹೊಲಿಯದೆ ಹಾಗೆಯೇ ಮಡಚಿ ಕೈಗೆ ಕೊಟ್ಟು ಕಳುಹಿಸುತ್ತೇನೆ. ತಮಾಷೆಗೆ ಹೇಳುತ್ತಿಲ್ಲ. ಎರಡು ವರ್ಷಗಳಿಂದ ಈ ಒಂದೇ ಮಾತನ್ನು ನೆಂಟರಿಂದ, ಗಿರಾಕಿಗಳಿಂದ, ಸ್ವಂತ ಭಾವಮೈದುನನಿಂದ ಕೇಳಿ ಸಾಕಾಗಿತ್ತು. ಮೊನ್ನೆ, ನನ್ನ ಕಾಲು ಮುರಿದ ಅಪಘಾತದ ಪರಿಹಾರದ ಕೇಸಿನಲ್ಲಿ, ವಿಮಾ ಕಂಪನಿಯ ವಕೀಲರು ಅದೇ ಮಾತನ್ನು ನ್ಯಾಯಾಲಯದಲ್ಲಿ ಕೇಳಿದರು. ಅಲ್ಲಿ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ, ಆದ್ದರಿಂದ ಇಲ್ಲಿ ಮಾಡಿಕೊಳ್ಳುತ್ತಿದ್ದೇನೆ.

ನಾನು ಮಂಡ್ಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಟೈಲರ್. 2023ರ ಡಿಸೆಂಬರಿನ ಒಂದು ರಾತ್ರಿ, ಮದ್ದೂರಿನಲ್ಲಿ ಒಂದು ಮದುವೆ ಮನೆಗೆ ಬಟ್ಟೆ ಕೊಟ್ಟು ಬೈಕಿನಲ್ಲಿ ವಾಪಸು ಬರುತ್ತಿದ್ದೆ. ಆ ವರ್ಷದ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕುಗಳು ಹೋಗುವಂತಿಲ್ಲ. ನಮ್ಮ ಸುರಕ್ಷತೆಗಾಗಿ ಎಂದರು. ಒಳ್ಳೆಯದೇ. ನಮ್ಮನ್ನು ಸುರಕ್ಷಿತವಾಗಿ ಇಳಿಸಿದ ಸರ್ವೀಸ್ ರಸ್ತೆಯಲ್ಲಿ, ಗೆಜ್ಜಲಗೆರೆ ದಾಟಿದ ಮೇಲೆ, ಒಂದು ಕಬ್ಬಿನ ಟ್ರ್ಯಾಕ್ಟರ್ ಆಕ್ಸೆಲ್ ಮುರಿದುಕೊಂಡು ಕತ್ತಲಲ್ಲಿ ನಿಂತಿತ್ತು. ಹಿಂದೆ ದೀಪವಿಲ್ಲ, ಕೆಂಪು ರಿಫ್ಲೆಕ್ಟರ್ ಇಲ್ಲ. ಎಚ್ಚರಿಕೆಗೆ ಏನಿತ್ತು ಗೊತ್ತೇ? ಟ್ರೇಲರಿನ ಹಿಂಭಾಗಕ್ಕೆ ಸಿಕ್ಕಿಸಿದ ಒಂದು ಹೊಂಗೆ ಕೊಂಬೆ, ಮತ್ತು ರಸ್ತೆಯ ಮೇಲೆ ನಾಲ್ಕು ಕಲ್ಲು. ಎದುರಿನಿಂದ ಬಂದ ಕಾರಿನ ಬೆಳಕು ಕಣ್ಣಿಗೆ ಹೊಡೆದು ದಾಟಿದ ಕ್ಷಣದಲ್ಲಿ ನನಗೆ ಮೊದಲು ಕಂಡದ್ದು ಆ ಕಲ್ಲುಗಳು. ಮುಂದಿನದು ಟ್ರೇಲರಿನ ಕಬ್ಬಿಣದ ಪಟ್ಟಿ.

ಬಲಗಾಲಿನ ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದವು, ಒಂದು ಚರ್ಮ ಸೀಳಿ ಹೊರಗೆ ಬಂದಿತ್ತು. ಆ ರಾತ್ರಿಯ ವಿಷಯ ಇಷ್ಟು ಸಾಕು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಾಡ್ ಹಾಕಿದರು. ಖರ್ಚು 1,85,000 ರೂಪಾಯಿ. ಹೆಂಡತಿಯ ಬಳೆಗಳು ಅಡವಿಗೆ ಹೋದವು, ಉಳಿದದ್ದು ಕೈಸಾಲ. ಅಪಘಾತವಾದವರಿಗೆ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ ಜಾರಿಯಾದದ್ದು 2025ರ ಮೇ ತಿಂಗಳಲ್ಲಿ. ನಾನು ಸ್ವಲ್ಪ ಅವಸರ ಮಾಡಿ ಬಿದ್ದೆ.

ಹಾಸಿಗೆಯ ಬಳಿಗೆ ನನ್ನ ಅಕ್ಕ ಬರುವ ಮೊದಲೇ ಒಬ್ಬ ದಲ್ಲಾಳಿ ಬಂದಿದ್ದ. "ಕೇಸು ನಾವು ನೋಡಿಕೊಳ್ಳುತ್ತೇವೆ, ನೀವು ಒಂದು ರೂಪಾಯಿ ಕೊಡಬೇಡಿ, ಬಂದದ್ದರಲ್ಲಿ ನೂರಕ್ಕೆ ಮೂವತ್ತು ಸಾಕು" ಎಂದ. ಗೆದ್ದ ಹಣದಲ್ಲಿ ಪಾಲು ಎಂದು ಫೀಜು ಗೊತ್ತುಮಾಡಿಕೊಳ್ಳುವುದು ವಕೀಲರಿಗೆ ನಿಷಿದ್ಧ ಎಂದು ನನಗೆ ಆಮೇಲೆ ತಿಳಿಯಿತು. ಅವನ ಹಿಂದೆಯೇ ಬಂದ ಅಕ್ಕ "ಪುತ್ತೂರು ಕಟ್ಟು ಕಟ್ಟಿಸಿದ್ದರೆ ಆಪರೇಷನ್ನೇ ಬೇಕಿರಲಿಲ್ಲ" ಎಂದಳು. ಮೂಳೆ ಹೊರಗೆ ಬಂದಿತ್ತಕ್ಕಾ ಎಂದೆ. ಅದಕ್ಕೂ ಕಟ್ಟುತ್ತಾರಂತೆ. ಅಲ್ಲಿಂದ ಮೂರು ತಿಂಗಳು ಮನೆಯಲ್ಲಿ ಕಾಲು ಸೂಪಿನದೇ ವಾಸನೆ. ಮಂಡ್ಯ ಜಿಲ್ಲೆಯ ಎಷ್ಟು ಮೇಕೆಗಳ ಕಾಲು ನನ್ನ ಒಂದು ಕಾಲಿಗೆ ಸಂದವೋ ಲೆಕ್ಕವಿಲ್ಲ.

ಟ್ರ್ಯಾಕ್ಟರಿನವನ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ನಂಬುವುದಿಲ್ಲ ನೀವು. ಎರಡು ಎಕರೆಯ ರೈತ. ನಾಲ್ಕು ತೆಂಗಿನಕಾಯಿ ಹಿಡಿದು ಆಸ್ಪತ್ರೆಗೆ ಬಂದು "ಅಣ್ಣಾ, ಕಬ್ಬಿನ ದುಡ್ಡು ಬರಲಿ, ಕೈಲಾದದ್ದು ಕೊಡುತ್ತೇನೆ, ಕೇಸು ಬೇಡ" ಎಂದು ಅತ್ತ. ಅವನ ಊರಿನ ಹಿರಿಯರು ರಾಜಿಗೆ ಕುಳಿತರು. ಆ ಮಾತುಕತೆಯಲ್ಲಿ ಒಂಬತ್ತು ದಿನ ಕಳೆಯಿತು, ಆಮೇಲೆ ದೂರು ಕೊಟ್ಟೆವು. ಆ ಒಂಬತ್ತು ದಿನಗಳ ಮೇಲೆ, ಪರಿಹಾರ ಕೊಡಬೇಕಾದ ಟ್ರ್ಯಾಕ್ಟರಿನ ವಿಮಾ ಕಂಪನಿ ಒಂದು ಮಹಲನ್ನೇ ಕಟ್ಟಿದೆ. ದೂರು ತಡವಾಗಿದೆ, ಆದ್ದರಿಂದ ಅಪಘಾತವೇ ಸೃಷ್ಟಿಯಂತೆ, ನಾನೆಲ್ಲೋ ಜಾರಿ ಬಿದ್ದು ಬಡ ರೈತನ ಟ್ರ್ಯಾಕ್ಟರನ್ನು ಸೇರಿಸಿದ್ದೇನಂತೆ. ಕನಿಕರ ತೋರಿಸಿದ್ದಕ್ಕೆ ಕೊಟ್ಟ ದಂಡ ಇದು. ಹಾಗಾಗಿ ಯಾರಿಗಾದರೂ ಈ ಗತಿ ಬಂದರೆ ರಾಜಿಯ ಮಾತು ಒಂದು ಕಡೆ ನಡೆಯಲಿ, ದೂರು ಅದೇ ದಿನ ಠಾಣೆಗೆ ಹೋಗಲಿ. ಪರಿಹಾರದ ಅರ್ಜಿ ಹಾಕಲು ಆರು ತಿಂಗಳ ಗಡುವು ಎಂಬ ನಿಯಮವೂ 2022ರ ಏಪ್ರಿಲ್ 1ರಿಂದ ಕಾಯ್ದೆಗೆ ಸೇರಿದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡೋಣ ಎಂದು ಕೂರಬೇಡಿ.

ಅವರ ಇನ್ನೊಂದು ವಾದ ಕೇಳಿ. ಟ್ರ್ಯಾಕ್ಟರಿಗೆ ವಿಮೆ ಇದೆ, ಟ್ರೇಲರಿಗೆ ಇಲ್ಲ, ನಾನು ಗುದ್ದಿದ್ದು ಟ್ರೇಲರಿಗೆ. ಎಂದರೆ ನಾನು ಇನ್ನೂ ಹದಿನೆಂಟು ಅಡಿ ಮುಂದೆ ಹೋಗಿ ಎಂಜಿನ್ನಿಗೆ ಗುದ್ದಿಕೊಳ್ಳಬೇಕಿತ್ತು! ಅದೂ ಸಾಲದೆಂದು, ನಿಂತ ಗಾಡಿಗೆ ಹಿಂದಿನಿಂದ ಹೋಗಿ ಬಿದ್ದವನು ನೀನೇ, ತಪ್ಪಿನಲ್ಲಿ ಅರ್ಧ ನಿನ್ನದು ಎನ್ನುತ್ತಾರೆ. ಅಪಾಯವಾಗುವಂತೆ ರಸ್ತೆಯಲ್ಲಿ ವಾಹನ ನಿಲ್ಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 122ನೆಯ ಕಲಮು ಹೇಳುತ್ತದೆ. ಹೊಂಗೆ ಕೊಂಬೆಯ ವಿಷಯ ಅದರಲ್ಲಿ ಎಲ್ಲೂ ಇಲ್ಲ.

ಇವೆಲ್ಲ ವಾದಗಳು, ವಕೀಲರಿಗೆ ವಕೀಲರು ಉತ್ತರ ಕೊಡುತ್ತಾರೆ. ನನ್ನ ಹೊಟ್ಟೆ ಉರಿಯುವುದು ಕಾಲಿನ ಲೆಕ್ಕಕ್ಕೆ.

ಮೂಳೆ ಕೂಡಿದೆ, ನಿಜ. ಎಕ್ಸ್‌ರೇಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಬಲಗಾಲು ಎರಡು ಸೆಂಟಿಮೀಟರು ಗಿಡ್ಡವಾಗಿದೆ, ಮೊಣಕಾಲು ಅರ್ಧದ ಮೇಲೆ ಮಡಚುವುದಿಲ್ಲ, ಪಾದದ ಗಂಟು ಬಾಗಿಲ ಹಳೆಯ ತಿರುಗಣಿಯಂತೆ ಬಿಗಿದುಕೊಂಡಿದೆ. ಡಾಕ್ಟರು ಹೇಳುವ ಮೊದಲೇ ಇದು ನನಗೆ ಗೊತ್ತಾಗಿತ್ತು. ಜೀವಮಾನವಿಡೀ ಊರಿನವರ ಕಾಲು ಅಳೆದ ಟೇಪಿನಲ್ಲಿ ಒಂದು ರಾತ್ರಿ ನನ್ನ ಕಾಲನ್ನೇ ಅಳೆದೆ. ಎಡಕ್ಕೂ ಬಲಕ್ಕೂ ಮುಕ್ಕಾಲು ಇಂಚು ವ್ಯತ್ಯಾಸ. ಪ್ಯಾಂಟಿನ ಒಂದು ಕಾಲು ಇನ್ನೊಂದಕ್ಕಿಂತ ಕಾಲು ಇಂಚು ಉದ್ದವಾಯಿತೆಂದು ಅಂಗಡಿಯಲ್ಲಿ ಕೂಗಾಡಿ ಹೋದ ಗಿರಾಕಿಗಳಿದ್ದಾರೆ. ಅವರಲ್ಲೇ ಇಬ್ಬರು ಈಗ ನನಗೆ ಮೂಳೆ ಕೂಡಿದೆಯಲ್ಲ ಎನ್ನುತ್ತಾರೆ. ನನ್ನ ಪ್ಯಾಂಟುಗಳನ್ನು ನಾನೀಗ ಎರಡು ಅಳತೆಯಲ್ಲಿ ಹೊಲಿದುಕೊಳ್ಳುತ್ತೇನೆ.

ನ್ಯಾಯಾಲಯದಲ್ಲಿ ಪಾಟೀ ಸವಾಲು, ಎಂದರೆ ಎದುರು ಪಕ್ಷದ ವಕೀಲರು ಪ್ರಶ್ನೆ ಕೇಳುವುದು, ಹೇಗಿರುತ್ತದೆ ಎಂದು ನೋಡದವರಿಗೆ ಹೇಳುತ್ತೇನೆ. ನಿಮ್ಮ ಬದುಕನ್ನು ತುಂಡು ತುಂಡು ಮಾಡಿ ಒಂದೊಂದರ ಕೊನೆಗೂ "ಎಂದರೆ ಸರಿ" ಅಥವಾ "ಎಂದರೆ ಸರಿಯಲ್ಲ" ಎಂದು ಬರೆದುಕೊಳ್ಳುತ್ತಾರೆ.

"ನಿಮ್ಮ ಮೂಳೆ ಕೂಡಿಕೊಂಡಿದೆ ಎಂದರೆ ಸರಿಯೇ?"

"ಸರಿ. ಆದರೆ ಕಾಲು..."

"ಕೇಳಿದ್ದಕ್ಕೆ ಮಾತ್ರ ಹೇಳಿ. ಇವತ್ತು ಮೆಟ್ಟಿಲು ಹತ್ತಿ ನೀವೇ ಬಂದಿದ್ದೀರಿ ಎಂದರೆ ಸರಿಯೇ?"

"ಸರಿ."

"ಟೈಲರ್ ಕೆಲಸ ಕುಳಿತು ಮಾಡುವ ಕೆಲಸ. ನಿಮ್ಮ ಕೈಗಳಿಗೆ ಏನೂ ಆಗಿಲ್ಲ. ಆದ್ದರಿಂದ ನಿಮ್ಮ ಸಂಪಾದನೆಗೆ ಯಾವ ಕುಂದೂ ಇಲ್ಲ ಎಂದರೆ ಸರಿಯೇ?"

"ಸರಿಯಲ್ಲ ಸರ್. ಮಷೀನು ಕಾಲಿನಲ್ಲಿ ತುಳಿಯಬೇಕು."

"ಈಗ ಮೋಟಾರ್ ಬಂದಿದೆಯಲ್ಲ, ಹಾಕಿಸಿಕೊಳ್ಳಿ."

ಮೋಟಾರಿನ ಪೆಡಲನ್ನು ಮೂಗಿನಲ್ಲಿ ಒತ್ತುತ್ತಾರೆಯೇ ಸ್ವಾಮಿ? ಅದಕ್ಕೂ ಪಾದದ ಗಂಟೇ ಬೇಕು. ಕೂದಲೆಳೆಯಷ್ಟು ಒತ್ತಿದರೆ ನಿಧಾನ, ಇನ್ನಷ್ಟು ಒತ್ತಿದರೆ ವೇಗ. ಬಿಗಿದ ಗಂಟಿನಲ್ಲಿ ಆ ಹದ ಬರುವುದಿಲ್ಲ, ಕಾಲರ್ ತಿರುಗಿಸುವಾಗ ಸೂಜಿ ಓಡಿಬಿಡುತ್ತದೆ. ಇನ್ನು ಕಟಿಂಗ್. ಬಟ್ಟೆ ಹಾಸಿ, ಮೇಜಿನ ಸುತ್ತ ತಿರುಗುತ್ತ, ನಿಂತೇ ಕತ್ತರಿಸಬೇಕು. ಮೊದಲು ದಿನಕ್ಕೆ ಆರು ಪ್ಯಾಂಟು ಕತ್ತರಿಸುತ್ತಿದ್ದವನು ಈಗ ಎರಡು ಮುಗಿಸುವ ಹೊತ್ತಿಗೆ ಕಾಲು ಬಾತು ಚಪ್ಪಲಿಯ ಪಟ್ಟಿ ಒತ್ತುತ್ತದೆ. ಇದನ್ನೆಲ್ಲ ಹೇಳಲು ಬಾಯಿ ತೆರೆದೆ. ನಮ್ಮ ವಕೀಲರು ಕಣ್ಣಿನಲ್ಲೇ ಸುಮ್ಮನಿರಿ ಎಂದರು.

ಈಗ ಲೆಕ್ಕಕ್ಕೆ ಬನ್ನಿ. ಡಾಕ್ಟರು ಪರೀಕ್ಷಿಸಿ ಬಲಗಾಲಿಗೆ ಶೇಕಡಾ 36 ಅಂಗವಿಕಲತೆ ಎಂದು ಬರೆದುಕೊಟ್ಟರು. ಒಂದು ಕಾಲಿನ ಊನವನ್ನು ಇಡೀ ದೇಹಕ್ಕೆ ಹೊಂದಿಸುವಾಗ ಅದರ ಮೂರನೇ ಒಂದು ಭಾಗ ತೆಗೆದುಕೊಳ್ಳುವುದು ಇಲ್ಲಿನ ರೂಢಿ. ಎಂದರೆ ಶೇಕಡಾ 12. ನನ್ನ ವಯಸ್ಸು ಆಗ 43, ಆ ವಯಸ್ಸಿಗೆ ಸುಪ್ರೀಂ ಕೋರ್ಟ್ 2009ರಲ್ಲಿ ಗೊತ್ತುಪಡಿಸಿದ ಗುಣಕ, ಎಂದರೆ ಎಷ್ಟು ವರ್ಷದ ಆದಾಯ ಲೆಕ್ಕ ಹಿಡಿಯಬೇಕೆಂಬ ಸಂಖ್ಯೆ, 14. ತಿಂಗಳ ಆದಾಯ 15,000 ಎಂದು ಹಿಡಿದರೆ 14 ವರ್ಷಕ್ಕೆ 25,20,000. ಅದರಲ್ಲಿ ಶೇಕಡಾ 12 ಎಂದರೆ 3,02,400. ಶೇಕಡಾ 36 ಆಗಿದ್ದರೆ 9,07,200. ನಮ್ಮ ವಕೀಲರು ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ನಾನು ಕೇಳಿದೆ, ಉಳಿದ ಮೂರನೇ ಎರಡು ಭಾಗ ಎಲ್ಲಿ ಹೋಯಿತು ಸರ್? ನಾನು ಬಟ್ಟೆಯಲ್ಲಿ ಇಷ್ಟು ಮಿಗಿಸಿಕೊಂಡರೆ ಊರಿನವರು ಕಳ್ಳ ಎನ್ನುತ್ತಾರೆ.

ಕಾನೂನು ಹೀಗೆಯೇ ಮಾಡಬೇಕೆಂದು ಹೇಳಿದೆಯೇ? ಇಲ್ಲ, ಅದೇ ನೋವು. 2010ರ ಅಕ್ಟೋಬರಿನಲ್ಲಿ ರಾಜ್‌ಕುಮಾರ್ ಎಂಬೊಬ್ಬರ ಅಪಘಾತ ಪರಿಹಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ಡಾಕ್ಟರು ಹೇಳುವುದು ದೇಹದ ಊನ ಎಷ್ಟೆಂದು ಮಾತ್ರ, ಅದರಿಂದ ಸಂಪಾದನೆ ಎಷ್ಟು ಕುಗ್ಗಿತು ಎಂಬುದನ್ನು ಆ ಮನುಷ್ಯನ ಕಸುಬು ನೋಡಿ ನ್ಯಾಯಮಂಡಳಿ, ಎಂದರೆ ಇಂಥ ಪರಿಹಾರದ ಕೇಸು ಕೇಳುವ ನ್ಯಾಯಾಲಯ, ತೀರ್ಮಾನಿಸಬೇಕು. ಅಲ್ಲಿ ಕೊಟ್ಟ ಉದಾಹರಣೆಯೇ ಸಾಕು. ಎಡಗೈ ಹೋದವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನಾದರೆ ಸಂಬಳಕ್ಕೆ ಏನೂ ಆಗದಿರಬಹುದು. ಬಡಗಿಯ ಕೈ ಅರ್ಥವಾಗುತ್ತದೆ, ಟೈಲರಿನ ಕಾಲು ಯಾಕೆ ಅರ್ಥವಾಗುವುದಿಲ್ಲ? ಮುರಿತ ಎಂಬುದರ ತೂಕವನ್ನೇ ಈ ದೇಶ ವಿಚಿತ್ರವಾಗಿ ಹಿಡಿದಿದೆ. ಭಾರತೀಯ ದಂಡ ಸಂಹಿತೆಯಲ್ಲಿ ತೀವ್ರ ಗಾಯ ಯಾವುದೆಂದು ಹೇಳುವ ಪಟ್ಟಿಯ ಒಂದೇ ಸಾಲಿನಲ್ಲಿ ಮೂಳೆ ಮುರಿತವೂ ಇತ್ತು, ಹಲ್ಲು ಮುರಿತವೂ ಇತ್ತು. ಅದರ ಜಾಗಕ್ಕೆ ಬಂದ ಹೊಸ ನ್ಯಾಯ ಸಂಹಿತೆಯಲ್ಲೂ ಅವೆರಡೂ ಹಾಗೆಯೇ ಅಕ್ಕಪಕ್ಕ ಕುಳಿತಿವೆ.

ಆ 15,000 ಕೂಡ ಸುಲಭಕ್ಕೆ ಸಿಗುವುದಿಲ್ಲ. ನನ್ನ ಆದಾಯಕ್ಕೆ ದಾಖಲೆ ಏನೆಂದು ಕೇಳಿದರು. ಟೈಲರ್ ಅಂಗಡಿಯಲ್ಲಿ ಏನಿರುತ್ತದೆ? ಬಟ್ಟೆ ತುಂಡಿಗೆ ಪಿನ್ನು ಚುಚ್ಚಿದ ಒಂದು ಚೀಟಿ, ಅದರ ಮೇಲೆ ಸೊಂಟ, ಉದ್ದ, ಕೊಡಬೇಕಾದ ದಿನ. ಆ ಚೀಟಿ ಪುಸ್ತಕಗಳ ಅರ್ಧ ಕಟ್ಟನ್ನು ಒಯ್ದು ಕೊಟ್ಟೆ. ಅದರಲ್ಲಿ ಗಿರಾಕಿಯ ಸಹಿ ಇಲ್ಲವಂತೆ.

ಔಷಧಿ ಬಿಲ್ಲಿನ ಕಥೆಯನ್ನಂತೂ ಯಾರ ಮುಂದೆ ಹೇಳಲಿ. ಮೂಲ ಬಿಲ್ಲೇ ಬೇಕು ಎಂದರು, ಒಂದನ್ನೂ ಬಿಡದೆ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೆ. ಸಾಕ್ಷ್ಯದ ದಿನ ತೆರೆದರೆ ಅರ್ಧಕ್ಕೆ ಅರ್ಧ ಬಿಳಿ ಹಾಳೆ! ಔಷಧಿ ಅಂಗಡಿಯ ಆ ನುಣುಪು ಕಾಗದದ ಮುದ್ರೆ ವರ್ಷವಾಗುವುದರಲ್ಲಿ ಮಾಸಿ ಹೋಗಿತ್ತು. ದಯವಿಟ್ಟು ಅಂಥ ಬಿಲ್ಲನ್ನು ಅದೇ ದಿನ ಜೆರಾಕ್ಸ್ ಮಾಡಿಸಿ ಮೂಲದ ಜೊತೆ ಪಿನ್ನು ಹಾಕಿಡಿ. ಫಿಸಿಯೋಥೆರಪಿಗೆ ಹೋಗಿಬಂದ ಆಟೋ ಬಾಡಿಗೆ, ನನ್ನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಲು ಮೂರು ತಿಂಗಳು ಕೂಲಿ ಬಿಟ್ಟು ಮನೆಯಲ್ಲಿದ್ದ ತಮ್ಮ, ಇವುಗಳಿಗೆ ಬಿಲ್ಲು ಎಲ್ಲಿಂದ ತರಲಿ?

ಕಳೆದ ಲೋಕ ಅದಾಲತ್‌ನಲ್ಲಿ ಎರಡು ಲಕ್ಷಕ್ಕೆ ಮುಗಿಸಿ ಎಂದರು. ಆಸ್ಪತ್ರೆಯ ಖರ್ಚು ಕಳೆದರೆ ಹದಿನೈದು ಸಾವಿರ ಉಳಿಯುತ್ತದೆ. ರಾಡ್ ತೆಗೆಸುವ ಆಪರೇಷನ್ ಇನ್ನೂ ಬಾಕಿ ಇದೆ. ಒಲ್ಲೆ ಎಂದೆ. ಹೊರಗೆ ಬಂದಾಗ ಭಾವಮೈದುನ "ಕೈಗೆ ಬಂದದ್ದನ್ನು ಬಿಟ್ಟಿರಲ್ಲ ಭಾವ, ಹೇಗೂ ಮೂಳೆ ಕೂಡಿದೆ" ಎಂದ. ತಡವಾದರೂ ಬಡ್ಡಿ ಸೇರಿ ಬರುತ್ತದೆ ಎಂದು ನಮ್ಮ ವಕೀಲರು ಸಮಾಧಾನ ಹೇಳಿದರು. ನ್ಯಾಯಮಂಡಳಿ ಸಾಮಾನ್ಯವಾಗಿ ಕೊಡುವುದು ವರ್ಷಕ್ಕೆ ಶೇಕಡಾ 6. ಕೈಸಾಲಕ್ಕೆ ನಾನು ಕಟ್ಟುತ್ತಿರುವುದು ತಿಂಗಳಿಗೆ ಶೇಕಡಾ 2.

ಮೊನ್ನೆ ನನ್ನ ಸವಾಲು ಮುಗಿದ ಮೇಲೆ ಡಾಕ್ಟರ ಸಾಕ್ಷಿ ಆಗಬೇಕಿತ್ತು. ಅವರಿಗೆ ತುರ್ತು ಆಪರೇಷನ್ ಇತ್ತಂತೆ, ಬರಲಿಲ್ಲ. ಇದು ಮೂರನೆಯ ಸಲ. ವಾಯಿದೆ ಜನವರಿಗೆ ಹೋಯಿತು. ಮೆಟ್ಟಿಲು ಇಳಿಯುವಾಗ ವಿಮಾ ಕಂಪನಿಯ ವಕೀಲರು ನನ್ನ ಮುಂದೆಯೇ ಇಳಿಯುತ್ತಿದ್ದರು. ಅವರ ಪ್ಯಾಂಟಿನ ಬಲಗಾಲಿನ ಮಡಿಕೆ ಬಿಚ್ಚಿ ನೆಲಕ್ಕೆ ತಾಗುತ್ತಿತ್ತು. ಹತ್ತೊಂಬತ್ತು ವರ್ಷದ ಚಾಳಿ, ಹೇಳಿಬಿಡಲೇ ಎಂದು ಬಾಯಿಗೆ ಬಂತು. ಹೇಳಲಿಲ್ಲ.