ಹಲ್ಲಿಲ್ಲದ ಬಕೆಟ್ಟು

ಇಂಗ್ಲೆಂಡಿನ ಯಾರ್ಕ್‌ನ ಹಳೇ ಪೇಟೆಯಲ್ಲಿ ಯಾರದೋ ಹಿತ್ತಲು. ಹೊಸ ಕೋಣೆಯೊಂದಕ್ಕೆ ಪಾಯ ತೋಡುತ್ತಿರುತ್ತಾರೆ. ಒಂದು ಮರಿ ಹಿಟಾಚಿ, ಅದರ ಪಕ್ಕಕ್ಕೆ ಕಣ್ಣು ಕುಕ್ಕುವ ಹಳದಿ ಕೋಟು ತೊಟ್ಟು ಸುಮ್ಮನೆ ನಿಂತ ಒಬ್ಬ ಹುಡುಗಿ. ನೋಡಿದವರು ಇವಳಿಗೆ ಇಲ್ಲೇನು ಕೆಲಸ ಅಂದುಕೊಳ್ಳಬೇಕು, ಅಷ್ಟರಲ್ಲಿ ಅವಳು ಅಂಗೈ ಎತ್ತುತ್ತಾಳೆ. ಬಕೆಟ್ಟು ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಡ್ರೈವರು ಇಂಜಿನ್ ತಗ್ಗಿಸಿ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಾನೆ, ಅವಳು ಕರಣೆ ಹಿಡಿದು ಗುಂಡಿಗಿಳಿಯುತ್ತಾಳೆ.

ನಮ್ಮಲ್ಲಿ ಓಡುತ್ತಿರುವ ಹಿಟಾಚಿಯನ್ನು ನಿಲ್ಲಿಸುವ ತಾಕತ್ತಿರುವುದು ಮೂರಕ್ಕೆ: ಓನರ್ರು, ಕಾರ್ಪೊರೇಟರ್ರು, ಖಾಲಿಯಾದ ಡೀಸೆಲ್ಲು. ಹಾಗಾಗಿ ಊರಿಂದ ಬಂದವರು ಇದನ್ನು ನೋಡಿದರೆ ನಿಧಿಯೇ ಸಿಕ್ಕಿತೇನೋ ಎಂದು ಬೇಲಿಯ ಮೇಲಿಂದ ಇಣುಕುತ್ತಾರೆ. ಒಳಗಿರುವುದು ಕಂದು ಮಣ್ಣಿನ ನಡುವೆ ಊಟದ ತಟ್ಟೆಯಗಲದ ಒಂದು ಕಪ್ಪು ಮಚ್ಚೆ. ಮದುವೆ ಚಪ್ಪರ ಬಿಚ್ಚಿದ ಮೇಲೆ ಅಂಗಳದಲ್ಲಿ ಗೂಟದ ಗುಂಡಿ ಉಳಿಯುತ್ತದಲ್ಲ, ಮಳೆಗೆ ಅದರಲ್ಲಿ ಬೇರೆ ಮಣ್ಣು ಕೂತು ಬೇರೆ ಬಣ್ಣ ತಿರುಗುತ್ತದಲ್ಲ, ಅಂಥದ್ದೇ. ಈ ಚಪ್ಪರ ಬಿಚ್ಚಿ ಸಾವಿರ ವರ್ಷ ಆಗಿರಬಹುದು, ಅಷ್ಟೆ.

ಆ ಹುಡುಗಿ ಪುರಾತತ್ವದವಳು, ಅಗೆಯುವಾಗ ಪಕ್ಕದಲ್ಲಿ ನಿಂತು ಕಾಯುವುದು ಅವಳ ಕೆಲಸ. ಈ ಕಾವಲು ಕೆಲಸಕ್ಕೆ ಇಲ್ಲಿ ಬಹುಕಾಲ ಇದ್ದ ಹೆಸರು ವಾಚಿಂಗ್ ಬ್ರೀಫ್. 2023ರಲ್ಲಿ ವೃತ್ತಿಸಂಘದವರು ಹೆಸರನ್ನು ಮಾನಿಟರಿಂಗ್ ಅಂಡ್ ರೆಕಾರ್ಡಿಂಗ್ ಎಂದು ಬದಲಿಸಿದರು, ಸೈಟಿನವರ ಬಾಯಲ್ಲಿ ಇನ್ನೂ ಹಳೆಯದೇ. ಕಟ್ಟಡಕ್ಕೆ ಪರವಾನಗಿ ಕೊಡುವಾಗಲೇ ನಗರಸಭೆ ಷರತ್ತು ಹಾಕುತ್ತದೆ: ಅಗೆಯುವಾಗ ಪುರಾತತ್ವದವರು ಎದುರಿಗಿರಬೇಕು, ಹೇಗೆ ನೋಡುತ್ತಾರೆ, ಏನು ಬರೆದಿಡುತ್ತಾರೆ ಎಂಬ ಯೋಜನೆಗೆ ಮೊದಲೇ ಒಪ್ಪಿಗೆ ಪಡೆಯಬೇಕು, ಖರ್ಚು ಕಟ್ಟಿಸುವವರದು. ವರದಿ ಕೈಸೇರುವವರೆಗೆ ಆ ಷರತ್ತು ತೀರಿದ ಲೆಕ್ಕವಲ್ಲ. ಇದರ ಮೇಲೆ ಯಾರ್ಕ್‌ಗೆ ಇನ್ನೊಂದು ಬಿಗಿ ಇದೆ. 1979ರ ಕಾಯ್ದೆಯ ಪ್ರಕಾರ ಕ್ಯಾಂಟರ್‌ಬರಿ, ಚೆಸ್ಟರ್, ಎಕ್ಸೆಟರ್, ಹೆರೆಫರ್ಡ್, ಯಾರ್ಕ್ ಈ ಐದು ಊರುಗಳ ನಡುಭಾಗದಲ್ಲಿ ನೆಲಕ್ಕೆ ಕೈ ಹಾಕುವ ಆರು ವಾರ ಮೊದಲೇ ನೋಟಿಸ್ ಕೊಡಬೇಕು.

ನನ್ನ ಮಟ್ಟಿಗೆ ಇದರಲ್ಲಿ ಕಾನೂನಿಗಿಂತ ದೊಡ್ಡದು ಬಕೆಟ್ಟು. ಹಿಟಾಚಿಗೆ ಸಾಮಾನ್ಯವಾಗಿ ಇರುವುದು ಹಲ್ಲಿನ ಬಕೆಟ್ಟು. ಗಟ್ಟಿ ನೆಲ ಸೀಳಲು ಹಲ್ಲು ಬೇಕು. ಆದರೆ ಐದು ಹಲ್ಲು ಎಳೆದ ನೆಲ ನೇಗಿಲು ಹೊಡೆದ ಗದ್ದೆಯಂತೆ ಕದಡಿಹೋಗುತ್ತದೆ, ಬಣ್ಣದ ಗೆರೆ ಯಾವುದು, ಹಲ್ಲಿನ ಗೆರೆ ಯಾವುದು ತಿಳಿಯದು. ಅದಕ್ಕೇ ಕಾವಲಿನ ಕೆಲಸಕ್ಕೆ ನೇರ ಅಂಚಿನ, ಹಲ್ಲಿಲ್ಲದ, ಅಗಲ ಬಕೆಟ್ಟು. ಒಂದೊಂದು ಎಳೆತಕ್ಕೆ ಐದರಿಂದ ಹತ್ತು ಸೆಂಟಿಮೀಟರ್, ಅದಕ್ಕಿಂತ ಹೆಚ್ಚಿಲ್ಲ. ಯಂತ್ರ ಹಿಂದೆ ಹಿಂದೆ ಸರಿಯುತ್ತ ಕೆಲಸ ಮಾಡಬೇಕು, ಒಮ್ಮೆ ಕೆರೆದ ನೆಲದ ಮೇಲೆ ಚೈನು ಹಾಯಬಾರದು. ಕಾಯುವವರು ಬೂಮು, ಅಂದರೆ ಯಂತ್ರದ ತೋಳು, ತಿರುಗುವ ಸುತ್ತಿನಿಂದ ಹೊರಗೆ, ಆದರೆ ಡ್ರೈವರಿನ ಕಣ್ಣಿಗೆ ಬೀಳುವ ಕಡೆ ನಿಲ್ಲಬೇಕು. ಒಳ್ಳೇ ಡ್ರೈವರು ಸಿಕ್ಕರೆ ತಳ ಬೆಣ್ಣೆ ಕೊಯ್ದ ಹಾಗೆ ನುಣ್ಣಗಿರುತ್ತದೆ, ಮಚ್ಚೆಗಳು ತಾವಾಗಿ ಎದ್ದು ಕಾಣುತ್ತವೆ. ಬಿಸಿಲಿಗೆ ಮಣ್ಣು ಒಣಗಿ ಎಲ್ಲ ಒಂದೇ ಬಣ್ಣವಾಯಿತೋ, ತೋಟಕ್ಕೆ ಔಷಧಿ ಹೊಡೆಯುವ ಪಂಪಿನಿಂದ ನೀರು ಸಿಂಪಡಿಸಿ ಎರಡು ನಿಮಿಷ ಕಾಯುತ್ತಾರೆ. ಒದ್ದೆ ಮಣ್ಣು ಬಾಯಿ ಬಿಡುತ್ತದೆ.

ಮಚ್ಚೆ ಕಂಡ ಮೇಲೆ ಪೂರ್ತಿ ಅಗೆಯುವ ಹಾಗಿಲ್ಲ. ನಡುವೆ ದಾರ ಕಟ್ಟಿ ಅರ್ಧ ಮಾತ್ರ ತೆಗೆಯಬೇಕು, ಉಳಿದರ್ಧದ ಸೀಳುಮುಖದಲ್ಲಿ ಕಂಬದ ಸುತ್ತ ಬಿಗಿಸಿದ ಕಲ್ಲು, ಕೊಳೆತ ಬುಡದ ಕಪ್ಪು, ಇದ್ದಿಲು ಎಲ್ಲ ಪದರ ಪದರವಾಗಿ ಕಾಣುತ್ತದೆ. ಗುಂಡಿಗೊಂದು ನಂಬರು, ಗುಂಡಿಯೊಳಗಿನ ಮಣ್ಣಿಗೆ ಇನ್ನೊಂದು. ತೋಡಿದ್ದು ಒಂದು ದಿನ, ತುಂಬಿದ್ದು ಮತ್ತೊಂದು ದಿನ, ಎರಡೂ ಬೇರೆ ಬೇರೆ ಘಟನೆ ಎಂಬ ಲೆಕ್ಕ. ಸೀಳುಮುಖದ ಚಿತ್ರ 1:10ಕ್ಕೆ, ಮೇಲಿನಿಂದ ಕಂಡದ್ದು 1:20ಕ್ಕೆ, ಸಮುದ್ರಮಟ್ಟದಿಂದ ಎತ್ತರ, ಅಳತೆಪಟ್ಟಿ ಇಟ್ಟು ಫೋಟೊ. ಹೂಳು ಚೆನ್ನಾಗಿದ್ದರೆ ಹತ್ತು ಲೀಟರಿನ ನಾಲ್ಕು ಬಕೆಟ್ಟು ಮಣ್ಣು ತುಂಬಿ ಕಳಿಸುತ್ತಾರೆ. ಅದನ್ನು ನೀರಿನಲ್ಲಿ ಕದಡಿದರೆ ಸುಟ್ಟ ಕಾಳು ತೇಲುತ್ತದೆ, ಯಾರು ಏನುಂಡರು ಎಂಬುದು ಅದರಿಂದ. ಯಾರ್ಕ್‌ನ ಆಳದ ಮಣ್ಣು ನೀರು ಕುಡಿದು ಗಾಳಿಯಾಡದೆ ಇರುವುದರಿಂದ ಮರ, ಚರ್ಮ ಹಾಗೇ ಉಳಿದಿರುತ್ತವೆ. ಹೊರಗೆ ಬಂದ ಚಪ್ಪಲಿಯನ್ನು ಒಣಗಲು ಬಿಟ್ಟರೆ ಸುರುಟಿ ಹಪ್ಪಳವಾಗುತ್ತದೆ, ತಕ್ಷಣ ನೀರು ಹಾಕಿದ ಚೀಲಕ್ಕೆ ಸೇರಿಸಿ ತಂಪಿನಲ್ಲಿಡಬೇಕು. ಮನುಷ್ಯರ ಮೂಳೆಯಾದರೆ ಕೆಲಸ ನಿಂತಿತು. ತೆಗೆಯಲು ನ್ಯಾಯಖಾತೆಯ ಪರವಾನಗಿ ಬರಬೇಕು.

ಏನೂ ಸಿಗದಿದ್ದರೆ? ಅದಕ್ಕೂ ವರದಿ. ಇಷ್ಟು ಆಳ ಅಗೆದೆವು, ಇಷ್ಟರವರೆಗೆ ಇತ್ತೀಚಿನ ಇಟ್ಟಿಗೆ ಚೂರು, ಕೆಳಗೆ ಮೂಲ ಜೇಡಿಮಣ್ಣು, ಬೇರೇನಿಲ್ಲ. ಈ ನಾಲ್ಕು ಪುಟ ನಗರದ ದಾಖಲೆಗೆ ಸೇರಿ ನಕಾಶೆಯಲ್ಲಿ ಒಂದು ಚುಕ್ಕೆಯಾಗುತ್ತದೆ. ಮುಂದೆ ಪಕ್ಕದ ಮನೆಯವರು ಅರ್ಜಿ ಹಾಕಿದಾಗ ಆ ಚುಕ್ಕೆ ನೋಡಿಯೇ ಷರತ್ತು ಬೇಕೋ ಬೇಡವೋ ತೀರ್ಮಾನ. ಇಲ್ಲ ಎನ್ನುವುದನ್ನೂ ಬರೆದಿಟ್ಟುಕೊಳ್ಳುವ ಈ ಬುದ್ಧಿ ನಮಗೇಕೆ ಬರಲಿಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಮಣ್ಣಿನ ಪದರ ಓದುವುದು ನಮಗೆ ಗೊತ್ತಿಲ್ಲ ಅಂತಲ್ಲ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಅಗೆದು ದಕ್ಷಿಣ ಭಾರತದ ಕಾಲಗಣನೆಗೆ ಏಣಿ ಹಾಕಿದ್ದು ಚಿತ್ರದುರ್ಗ ಜಿಲ್ಲೆಯ ಮಣ್ಣಿನಲ್ಲೇ. ಅವರಿಗಿಂತ ಮೊದಲೇ ಮೈಸೂರಿನ ಎಂ.ಎಚ್. ಕೃಷ್ಣ ಅದೇ ಎರಡು ಜಾಗಗಳಲ್ಲಿ ಅಗೆದಿದ್ದರು. ವಿದ್ಯೆ ಇದೆ. ಆದರೆ ಆ ವಿದ್ಯೆಗೆ ಊರೊಳಗಿನ ಚರಂಡಿ ಗುಂಡಿಯ ಹತ್ತಿರ ಬರಲು ದಾರಿ ಇಲ್ಲ.

ನಮ್ಮ ಕಾನೂನು ಅಡ್ಡಡ್ಡ ಅಳೆಯುತ್ತದೆ. ಸಂರಕ್ಷಿತ ಸ್ಮಾರಕದಿಂದ ನೂರು ಮೀಟರ್ ನಿಷಿದ್ಧ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ. 2010ರ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿತು. ಗೋಪುರವೋ ಕೋಟೆಬಾಗಿಲೋ ಕಣ್ಣಿಗೆ ಕಾಣುವುದೊಂದು ನಿಂತಿರಬೇಕು, ಅದರ ಸುತ್ತ ವೃತ್ತ. ಮುನ್ನೂರ ಒಂದನೇ ಮೀಟರಿನಲ್ಲಿ ನೆಲದಡಿ ಏನಿದ್ದರೂ ಕೇಳುವವರಿಲ್ಲ. ಯಾರ್ಕ್‌ನ ಲೆಕ್ಕ ಕೆಳಮುಖ: ಮೇಲೆ ಏನಿದೆ ಬಿಡು, ಎಷ್ಟು ಆಳ ಹೋಗುತ್ತೀಯ ಹೇಳು. 2017ರಲ್ಲಿ ಜೋಡಿ ಹಳಿಗೆ ಅಡ್ಡ ಬಂತೆಂದು ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನಮನೆಯನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು, ನೂರಾರು ಟನ್ ಭಾರ. ಎಂಥ ಸಾಹಸ! ನಿಂತ ಕಟ್ಟಡಕ್ಕೆ ಅಷ್ಟು ಮಾಡಬಲ್ಲ ನಾವು, ಅದೇ ಊರಿನಲ್ಲಿ ಯುಜಿಡಿಗೆ, ಅಂದರೆ ಒಳಚರಂಡಿಗೆ, ತೋಡಿದ ಗುಂಡಿಯ ಗೋಡೆಯನ್ನು ಒಂದು ಮಧ್ಯಾಹ್ನ ನಿಂತು ನೋಡುವುದಿಲ್ಲ.

ಬೆಂಗಳೂರು ಪೇಟೆಯ ಮಾತು ಕೇಳಲೇಬೇಡಿ. ಅವೆನ್ಯೂ ರಸ್ತೆ ಎಂದರೆ ಹಳೇ ದೊಡ್ಡಪೇಟೆ, ಕೆಂಪೇಗೌಡರ ಕಾಲದಿಂದ ಒಂದೇ ಸಮ ಜನ ತುಳಿದ ನೆಲ. ನೀರಿಗೆ, ಒಳಚರಂಡಿಗೆ, ಕೇಬಲ್ಲಿಗೆ ಎಷ್ಟು ಸಲ ಅಗೆದು ಮುಚ್ಚಿದ್ದಾರೋ, ಒಂದೇ ಒಂದು ಸೀಳುಮುಖದ ಚಿತ್ರ ಕಂಡವರಿದ್ದರೆ ಕೈ ಎತ್ತಲಿ. ಕೋಟೆಯ ಬಳಿ ಮೆಟ್ರೊಗೆ ಅಗೆದಾಗ ಫಿರಂಗಿಗಳು ಎದ್ದುಬಂದವು, ಪೇಪರಿನಲ್ಲಿ ಫೋಟೊ ಬಂತು. ಫಿರಂಗಿ ಬಕೆಟ್ಟಿಗೆ ತಾಗಿ ಸದ್ದು ಮಾಡುತ್ತದೆ. ಮಣ್ಣಿನ ಮಚ್ಚೆ ಸದ್ದು ಮಾಡುವುದಿಲ್ಲ, ಟಿಪ್ಪರ್ ಹತ್ತಿ ಯಾವುದೋ ಕೆರೆಯಂಗಳಕ್ಕೆ ಹೋಗಿಬಿಡುತ್ತದೆ.

ಸೈಟಿನಲ್ಲಿ ಏನಾದರೂ ಸಿಕ್ಕರೆ ಮೇಸ್ತ್ರಿ ಮೊದಲು ಮಾಡುವ ಕೆಲಸ ಗೋಣಿ ಮುಚ್ಚುವುದು. ಸುದ್ದಿ ಹೊರಬಿದ್ದರೆ ಸೈಟೇ ಹೋಯಿತು ಎಂಬ ಹೆದರಿಕೆ. ಬ್ರಿಟಿಷರು 1878ರಲ್ಲಿ ತಂದ ನಿಧಿ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಿ ಎಂದಿತು. ಅಲ್ಲಿಂದ ನೆಲದಡಿ ಇರುವುದೆಲ್ಲ ನಿಧಿ, ಇಲ್ಲವೇ ಏನೂ ಅಲ್ಲ. ಆದರೆ ತಮ್ಮ ದೇಶಕ್ಕೆ ಅವರು 1996ರಲ್ಲಿ ಮಾಡಿಕೊಂಡ ಕಾಯ್ದೆ ಬೇರೆ ದಾರಿ ಹಿಡಿಯಿತು: ಹದಿನಾಲ್ಕು ದಿನದಲ್ಲಿ ತಿಳಿಸಿದರೆ, ಮ್ಯೂಸಿಯಂ ಬೇಕೆಂದರೆ, ಮಾರುಕಟ್ಟೆ ಬೆಲೆ ಕೊಡುತ್ತದೆ, ಕಂಡವನೂ ಜಾಗದವನೂ ಹಂಚಿಕೊಳ್ಳುತ್ತಾರೆ. ಸೈಟಿನಲ್ಲಿ ಕಾಯುವ ಪುರಾತತ್ವದವರಿಗೆ ಮಾತ್ರ ಚಿಕ್ಕಾಸಿಲ್ಲ.

ಹಾಗೆಂದು ಇಲ್ಲಿಯವರು ಹುಟ್ಟಾ ಜಾಣರೇನಲ್ಲ, ಒಪ್ಪಬೇಕು. 1870ರ ದಶಕದಲ್ಲಿ ಯಾರ್ಕ್‌ನ ಈಗಿನ ರೈಲ್ವೆ ನಿಲ್ದಾಣಕ್ಕಾಗಿ ರೋಮನ್ನರ ದೊಡ್ಡ ಸ್ಮಶಾನವನ್ನೇ ಬಗೆದು ಹಾಕಿದರು. ಕಟ್ಟಿಸುವವರೇ ಖರ್ಚು ಕೊಡಬೇಕೆಂಬ ನೀತಿ ದೇಶವ್ಯಾಪಿಯಾಗಿದ್ದು 1990ರಲ್ಲಿ, ಅದೂ ಹಿಂದಿನ ವರ್ಷ ಲಂಡನ್ನಿನಲ್ಲಿ ಶೇಕ್ಸ್‌ಪಿಯರ್ ಕಾಲದ ರೋಸ್ ನಾಟಕಶಾಲೆಯ ಅಡಿಪಾಯದ ಮೇಲೆ ಆಫೀಸು ಏಳುವುದರಲ್ಲಿದ್ದಾಗ ಗಲಾಟೆಯಾದ ಮೇಲೆ. ಈಗಲೂ ಕಾವಲು ಕೆಲಸ ಟೆಂಡರಿಗೆ ಹೋಗುತ್ತದೆ, ಕಮ್ಮಿ ರೇಟು ಹೇಳಿದವರಿಗೆ ಸಿಗುತ್ತದೆ. ಮೊದಲೇ ಪೂರ್ತಿ ಉತ್ಖನನ ಆಗಬೇಕಾದ ಕಡೆ ಅಗ್ಗಕ್ಕಾಗಿ ಒಬ್ಬರನ್ನು ಕಾವಲಿಗೆ ನಿಲ್ಲಿಸಿ ಕೈ ತೊಳೆದುಕೊಳ್ಳುವುದೂ ಇದೆ. ಅರವತ್ತು ಸೆಂಟಿಮೀಟರ್ ಅಗಲದ ಪಾಯದಲ್ಲಿ ಕಾಣುವುದು ಗುಂಡಿಯ ಒಂದು ಮೂಲೆ. ಆಳ ಹೆಚ್ಚಾದರೆ ಆನಿಕೆ ಕೊಡದೆ ಇಳಿಯುವಂತಿಲ್ಲ, ಮೇಲಿಂದಲೇ ಬಗ್ಗಿ ನೋಡಬೇಕು. ಎರಡು ಗಂಟೆಗೆ ಕಾಂಕ್ರೀಟ್ ಲಾರಿ ಬುಕ್ ಆಗಿರುತ್ತದೆ, ಒಂದೂವರೆಗೆ ಮಚ್ಚೆ ಕಾಣುತ್ತದೆ. ಆ ಅರ್ಧ ಗಂಟೆಯಲ್ಲಿ ಬರೆದದ್ದೇ ಇತಿಹಾಸ.

ಈ ಊರಿನ ಹೆಮ್ಮೆಯ ಶಿರಸ್ತ್ರಾಣದ ಕತೆಯೂ ಹಾಗೇ. ಯಾರ್ಕ್‌ನ ಕಾಪರ್‌ಗೇಟ್ ಬೀದಿಯಲ್ಲಿ 1976ರಿಂದ 1981ರವರೆಗೆ ಐದು ವರ್ಷ ಅಗೆದು ವೈಕಿಂಗ್ ಕಾಲದ ಬೀದಿಯನ್ನೇ ಹೊರತೆಗೆದರು. ಮುಗಿಯಿತೆಂದು ಶಾಪಿಂಗ್ ಸೆಂಟರಿಗೆ ಜಾಗ ಬಿಟ್ಟುಕೊಟ್ಟರು. 1982ರ ಮೇ ತಿಂಗಳಲ್ಲಿ ಯಂತ್ರದ ಬಕೆಟ್ಟು ಗಟ್ಟಿಯಾದದ್ದಕ್ಕೆ ಬಡಿಯಿತು. ಡ್ರೈವರು ಕಲ್ಲು ಅಂದುಕೊಂಡ. ಇಳಿದು ನೋಡಿದರೆ ಎಂಟನೇ ಶತಮಾನದ ಕಬ್ಬಿಣದ ಶಿರಸ್ತ್ರಾಣ, ಹಿತ್ತಾಳೆ ಪಟ್ಟಿಯ ಮೇಲೆ ಲ್ಯಾಟಿನ್ ಪ್ರಾರ್ಥನೆ, ಓಷರೆ ಎಂಬ ಹೆಸರು. ಬಕೆಟ್ಟು ಒಂದು ಬದಿಯನ್ನು ಜಜ್ಜಿ ಆಗಿತ್ತು. ಆದರೂ ಅವನು ನಿಲ್ಲಿಸಿದ, ಕರೆದ. ಹಲಗೆ ಹೊದಿಸಿದ ಯಾವ ಗುಂಡಿಯಲ್ಲಿತ್ತು, ಜೊತೆಗೆ ಏನೇನಿತ್ತು ಎಲ್ಲ ದಾಖಲಾಯಿತು.

ನಮ್ಮವರೂ ಕರೆಯುವುದಿಲ್ಲವೆಂದು ಹೇಳಲಾಗದು. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಹಳೇ ಬಾವಿಯಿಂದ ಸಾವಿರಕ್ಕೂ ಹೆಚ್ಚು ಟಿಪ್ಪು ಕಾಲದ ರಾಕೆಟ್ಟುಗಳು ಬಂದದ್ದು ಇಲಾಖೆಯವರ ಕೈಗೇ. ಅದೇ ವರ್ಷ ಹೆಬ್ಬಾಳದಲ್ಲಿ ಕಣ್ಣಿಗೆ ಬಿದ್ದ ಎಂಟನೇ ಶತಮಾನದ ಕಿಟ್ಟಯ್ಯನ ವೀರಗಲ್ಲು ಉಳಿದದ್ದು ಕಾಯ್ದೆಯಿಂದಲ್ಲ, ಆಸಕ್ತರು ಓಡಿಬಂದಿದ್ದರಿಂದ. ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಒಂದೊಂದಾಗಿ ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಇನ್ನು ಹಳ್ಳಿಯ ಮಾತು ಬಂದರೆ, ಪಾಯದಲ್ಲಿ ಮೂರ್ತಿ ಸಿಕ್ಕರೆ ಅರಳಿಕಟ್ಟೆಗೆ ತಂದು ಅರಿಸಿನ ಕುಂಕುಮ ಹಚ್ಚುತ್ತಾರೆ. ಇಂಗ್ಲೆಂಡಿನಲ್ಲಿ ಚೀಲಕ್ಕೆ ಸೇರಿದ ಮಡಕೆ ಚೂರನ್ನು ಇಡಲು ಎಷ್ಟೋ ಮ್ಯೂಸಿಯಂಗಳಲ್ಲಿ ಜಾಗವಿಲ್ಲ. ಅರಳಿಕಟ್ಟೆಯ ಮೂರ್ತಿಗೆ ಮಾತ್ರ ದಿನವೂ ಹೂವು ಬೀಳುತ್ತದೆ. ಅದು ಯಾವ ಆಳದಲ್ಲಿ, ಯಾವ ಮಗ್ಗುಲಾಗಿ, ಯಾವ ಮಣ್ಣಿನಲ್ಲಿ ಬಿದ್ದಿತ್ತು ಎಂದು ಪೂಜಾರಿಯನ್ನು ಕೇಳಿದರೆ ಹಿತ್ತಲ ಕಡೆ ಕೈ ತೋರಿಸುತ್ತಾರೆ.

ಹಲ್ಲಿನ ಬಕೆಟ್ಟಿನ ತುದಿಗೆ ಅಡ್ಡವಾಗಿ ಒಂದು ದಪ್ಪ ಕಬ್ಬಿಣದ ಪಟ್ಟಿ ಬೆಸೆದರೂ ನೇರ ಅಂಚು ಸಿಗುತ್ತದೆ. ಊರ ಹೊರಗಿನ ಯಾವ ವೆಲ್ಡಿಂಗ್ ಶಾಪಿನವರಾದರೂ ಊಟದ ಹೊತ್ತಿನೊಳಗೆ ಮಾಡಿಕೊಡುತ್ತಾರೆ.