ಗರ್ಭಕೋಶ ತೆಗೆಸಿದರೆ ಮುಗೀತಾ?

ತೀರ್ಥಹಳ್ಳಿ, ಹೊಸನಗರ ಕಡೆ ಅಡಿಕೆ ಸುಲಿಯಲು ಕೂತ ಹೆಂಗಸರು ಎಲ್ಲಾ ಮಾತಾಡುತ್ತಾರೆ. ಮಂಡಿನೋವು, ಶುಗರ್, ಸೊಸೆಯ ಬಾಣಂತನ, ಎಲ್ಲಾ. ಗರ್ಭಕೋಶ ಜಾರಿದ್ದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ.

ನಮ್ಮ ಚಿಕ್ಕಮ್ಮ ವರ್ಷಗಟ್ಟಲೆ ಚಿಕ್ಕಪ್ಪನಿಗೂ ಹೇಳಿರಲಿಲ್ಲ. ಬೆಳಿಗ್ಗೆ ಪರವಾಗಿಲ್ಲ, ಸಂಜೆ ಹೊತ್ತಿಗೆ ಗಡ್ಡೆಯ ಹಾಗೆ ಹೊರಗೆ ಬರುತ್ತಿತ್ತು. ಬೆರಳಲ್ಲಿ ಒಳಗೆ ತಳ್ಳಿಕೊಂಡರೆ ಮಾತ್ರ ಮೂತ್ರ ಹೋಗುತ್ತಿತ್ತು. ಕೊನೆಗೆ ಆಪರೇಷನ್ ಆಯಿತು. ಕೆಲವು ವರ್ಷದ ಮೇಲೆ ಮತ್ತೆ ಅದೇ ತೊಂದರೆ. "ಗರ್ಭಕೋಶವೇ ತೆಗೆಸಿ ಆಯ್ತಲ್ಲ, ಇನ್ನು ಜಾರೋಕೆ ಏನಿದೆ?" ಎಂದು ಮನೆಯವರೆಲ್ಲ ಕೇಳಿದರು.

ಇದನ್ನು ಬರೆಯುತ್ತಿರುವುದೇ ಆ ಪ್ರಶ್ನೆಗಾಗಿ. ತಪ್ಪು ಗರ್ಭಕೋಶದ್ದಲ್ಲ. ಅದನ್ನು ಎತ್ತಿ ಹಿಡಿದ ಸ್ನಾಯುಗಳು, ಕಟ್ಟುಗಳು ಸಡಿಲವಾಗಿರುತ್ತವೆ. ಹೆರಿಗೆಗಳು, ಮುಟ್ಟು ನಿಂತ ವಯಸ್ಸು, ಹಳೇ ಕೆಮ್ಮು, ಮಲಬದ್ಧತೆ, ದಿನಾ ಭಾರ ಹೊರುವುದು, ಇವೆಲ್ಲ ಸೇರಿ ಆಗುವಂಥದ್ದು. ಮುಂದಿನಿಂದ ಮೂತ್ರಚೀಲ, ಹಿಂದಿನಿಂದ ಗುದನಾಳವೂ ಇಳಿದಿರಬಹುದು. ಗರ್ಭಕೋಶ ತೆಗೆದು, ಯೋನಿಯ ಮೇಲ್ಭಾಗವನ್ನು ಒಳಗಿನ ಗಟ್ಟಿ ಕಟ್ಟಿಗೆ ಹೊಲಿಯದೆ ಬಿಟ್ಟರೆ ಆ ಮೇಲ್ಭಾಗವೇ ಕೆಳಗೆ ಬರಬಹುದು. ಸರಿಯಾಗಿ ಹೊಲಿದರೂ ಕೆಲವರಿಗೆ ಮತ್ತೆ ಜಾರುತ್ತದೆ, ಅದೂ ನಿಜ.

ಹಾಗಾಗಿ ಸಹಿ ಹಾಕುವ ಮೊದಲು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಮೇಲ್ಭಾಗವನ್ನು ಎಲ್ಲಿಗೆ ಹೊಲಿಯುತ್ತೀರಿ? ಮೂತ್ರಚೀಲವನ್ನೂ ಸರಿಮಾಡುತ್ತೀರಾ? ಗರ್ಭಕೋಶ ಉಳಿಸಿಕೊಂಡೇ ಮಾಡಲು ಬರುತ್ತಾ? ಬರುತ್ತದೆ. ಚಿಕ್ಕ ವಯಸ್ಸಿನವರಿಗೆಂದೇ ಪಟ್ಟಿ ಕಟ್ಟಿ ಮೇಲೆತ್ತುವ ವಿಧಾನಗಳಿವೆ, ಅವುಗಳಲ್ಲಿ ನಮ್ಮ ದೇಶದ ಡಾಕ್ಟರುಗಳಾದ ಶಿರೋಡ್ಕರ್, ಪುರಂದರೆ ಅವರ ಹೆಸರಿನವೂ ಇವೆ. ಜಾರಿದ್ದನ್ನು ಎತ್ತಿ ಹಿಡಿಯಲು ಜಾಲರಿ (ಮೆಶ್) ಹಾಕುತ್ತೇವೆ ಎಂದರೆ ಯಾವ ದಾರಿಯಲ್ಲಿ ಎಂದು ಕೇಳಿ. ಜಾರಿದ್ದನ್ನು ಸರಿಮಾಡಲು ಯೋನಿಯ ಮೂಲಕ ಹಾಕುವ ಜಾಲರಿಯ ಮಾರಾಟವನ್ನು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಹೊಟ್ಟೆಯ ಮೂಲಕ ಹಾಕಿ ಬೆನ್ನುಮೂಳೆಯ ಬುಡಕ್ಕೆ ಕಟ್ಟುವುದು ಬೇರೆ, ಅದು ಈಗಲೂ ನಡೆಯುತ್ತಿದೆ.

ಎಲ್ಲರಿಗೂ ಆಪರೇಷನ್ ಬೇಕು ಅಂತಲೂ ಇಲ್ಲ. ಶುರುವಿನಲ್ಲೇ ತೋರಿಸಿದರೆ ಕೆಳಭಾಗದ ಸ್ನಾಯುಗಳನ್ನು ಬಿಗಿಮಾಡುವ ವ್ಯಾಯಾಮದಿಂದ ಅನುಕೂಲ ಆಗುತ್ತದೆ. ಜಾರಿದ್ದನ್ನು ಎತ್ತಿ ಹಿಡಿಯಲು ಯೋನಿಯ ಒಳಗೆ ಇಡುವ ಸಿಲಿಕೋನ್ ರಿಂಗ್ ಇದೆ. ತೋರಿಸಲು ನಾಚಿಕೆಯಾದರೆ ಊರಿನ ಆಶಾ ಕಾರ್ಯಕರ್ತೆಯ ಕಿವಿಗೆ ಹಾಕಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಜೊತೆಗೆ ಬರುತ್ತಾಳಾ ಕೇಳಿ.

ನನಗೆ ಸಿಟ್ಟು ಬರುವುದು ಆಪರೇಷನ್ ಆದಮೇಲಿನದ್ದಕ್ಕೆ. ಕಡಿಮೆ ಎಂದರೂ ಆರು ವಾರ ಭಾರ ಎತ್ತಬಾರದು, ಎಷ್ಟೋ ಡಾಕ್ಟರು ಮೂರು ತಿಂಗಳು ಎನ್ನುತ್ತಾರೆ. ಚಿಕ್ಕಮ್ಮ ಹೊಲಿಗೆ ಮಾಯುವ ಮೊದಲೇ ಬಚ್ಚಲ ಹಂಡೆಗೆ ನೀರು ಹೊತ್ತರು. ಕೊಟ್ಟಿಗೆಯಿಂದ ಗೊಬ್ಬರದ ಹೆಡಿಗೆ ಹೊತ್ತರು. ಮನೆಯಲ್ಲಿ ಗಟ್ಟಿಮುಟ್ಟಾದ ಗಂಡಸರು ಇದ್ದರು. ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಡಿಸ್ಚಾರ್ಜ್ ಮಾಡುವ ಡಾಕ್ಟರುಗಳೇ, ದಯವಿಟ್ಟು ಹೊರಗೆ ಬೆಂಚಿನ ಮೇಲೆ ಕೂತ ಗಂಡ, ಮಗನನ್ನೂ ಒಳಗೆ ಕರೆಸಿ. ಭಾರದ ಮಾತನ್ನು ಅವರಿಗೇ ಹೇಳಿ.